ಎರಡು ಸಂಪುಟದ ಹಠ: ಶಿವರಾಂಪೇಟೆಯ ಒಂದು ಬೈಂಡಿಂಗ್ ಅಂಗಡಿ

ಬಿಡಿ ಹಾಳೆಗಳನ್ನು ಪುಸ್ತಕವಾಗಿ ಕಟ್ಟಿಸಬೇಕು ಎಂದು ಕೇಳಿದರೆ ಈಗ ಎಲ್ಲ ಕಡೆಯೂ ಒಂದೇ ಉತ್ತರ: ಸ್ಪೈರಲ್ ಹಾಕಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ಮಂಡ್ಯದಲ್ಲಿ ನಾನು ವಿಚಾರಿಸಿದ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಇದೇ ಮಾತು. ಒತ್ತಾಯಿಸಿದರೆ ಬೆನ್ನಿಗೆ ಬಿಸಿ ಅಂಟು ಬಳಿದು ಕೊಡುತ್ತಾರೆ. ಒಂದು ಬೇಸಿಗೆ ಕಳೆಯುವುದರೊಳಗೆ ಅದು ಒಣಗಿ, ಓದಲು ತೆರೆದವರ ಮಡಿಲಿಗೆ ಹಾಳೆಗಳು ಉದುರುತ್ತವೆ. ಆದ್ದರಿಂದ ಮೈಸೂರಿನ ಶಿವರಾಂಪೇಟೆಯ ಒಳಗಲ್ಲಿಯಲ್ಲಿ ಇನ್ನೂ ದಾರ ಹಾಕಿ ಹೊಲಿಯುವ ಅಂಗಡಿಯೊಂದರ ವಿಷಯ ಬರೆಯುತ್ತಿದ್ದೇನೆ. ಬೋರ್ಡಿನ ಬಣ್ಣ ಹಾರಿಹೋಗಿ ಹೆಸರು ಓದಲಾಗುವುದಿಲ್ಲ. ಗಲ್ಲಿಯ ತುದಿಯಲ್ಲಿ ನಿಂತು ಬೈಂಡಿಂಗ್ ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ.

ನಾನು ಹೊತ್ತುಕೊಂಡು ಹೋದದ್ದು ಒಬ್ಬ ಅಮೆರಿಕನ್ ಹೆಂಗಸಿನ ಜೀವನವನ್ನು. ಕಾಲೇಜಿನಲ್ಲಿ ಅಮೆರಿಕದ ಸಂವಿಧಾನ ಪಾಠ ಮಾಡುವಾಗ ಹುಡುಗಿಯರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: ಇಡೀ ದೇಶದ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1920ರಲ್ಲಿ, ಹಾಗಿದ್ದ ಮೇಲೆ 1916ರಲ್ಲೇ ಜೀನೆಟ್ ರ‍್ಯಾಂಕಿನ್ ಅಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿಗೆ ಗೆದ್ದದ್ದು ಹೇಗೆ? ಉತ್ತರ ಮೊಂಟಾನಾದಲ್ಲಿದೆ. ಆ ರಾಜ್ಯ 1914ರಲ್ಲೇ ಹೆಂಗಸರಿಗೆ ಮತ ಕೊಟ್ಟಿತ್ತು. ಅದಕ್ಕಾಗಿ ಊರೂರು ಸುತ್ತಿದವರಲ್ಲಿ ಈಕೆಯೇ ಮುಂದಾಳು. ಎರಡು ವರ್ಷದ ನಂತರ ಕೆಳಮನೆಯ ಎರಡು ಸ್ಥಾನಗಳಿಗೆ ಇಡೀ ರಾಜ್ಯವೇ ಒಂದು ಕ್ಷೇತ್ರ. ಹೆಚ್ಚು ಮತ ಪಡೆದ ಇಬ್ಬರು ಗೆಲ್ಲುತ್ತಾರೆ. ಆಕೆ ಎರಡನೆಯವರಾಗಿ ಬಂದರು. ಆಕೆಯ ತಮ್ಮ ವೆಲ್ಲಿಂಗ್ಟನ್ ವಕೀಲ, ದುಡ್ಡು ಹಾಕಿ ಪ್ರಚಾರ ನಡೆಸಿದವನು ಅವನೇ. ಈ ಒಂದು ಪ್ರಶ್ನೆಗಾಗಿ ಜೆರಾಕ್ಸ್ ಮಾಡಿಸಲು ತೊಡಗಿದವಳು ಭಾಷಣ, ಮತದಾನದ ಪಟ್ಟಿ, ಪತ್ರಿಕೆಯ ತುಣುಕು, ನನ್ನದೇ ಟಿಪ್ಪಣಿ ಎಂದು ಕೂಡಿಸುತ್ತಾ ಹೋದೆ. ನಿವೃತ್ತಿಯ ಹೊತ್ತಿಗೆ ಅದು ಒಂದು ಕೈಯಲ್ಲಿ ಎತ್ತಲಾಗದಷ್ಟು ಆಗಿತ್ತು.

ಯಜಮಾನರು ಕಟ್ಟನ್ನು ಎತ್ತಿ ನೋಡಿದರು, ಹೆಬ್ಬೆರಳಿನಿಂದ ಅಂಚನ್ನು ಸರಸರನೆ ಜಾರಿಸಿದರು, ಕೆಳಗಿಟ್ಟರು. "ಒಂದೇ ಪುಸ್ತಕ ಆಗುವುದಿಲ್ಲ ಮೇಡಂ."

ಕಾರಣ ಸರಿಯಾಗಿಯೇ ಇತ್ತು. ಮುದ್ರಣಾಲಯದಿಂದ ಬರುವ ಫಾರಂಗಳಿಗೆ ಮಡಿಕೆ ಇರುತ್ತದೆ. ಮಡಿಕೆಯ ನಡುವೆ ಸೂಜಿ ಹಾಕಿದರೆ ಪುಸ್ತಕ ಚೆನ್ನಾಗಿ ತೆರೆದುಕೊಳ್ಳುತ್ತದೆ. ಬಿಡಿ ಹಾಳೆಗೆ ಮಡಿಕೆಯೇ ಇಲ್ಲ. ಎಡ ಅಂಚಿನಲ್ಲಿ ದಬ್ಬಳದಿಂದ ತೂತು ಮಾಡಿ, ಮೇಣ ಹಚ್ಚಿದ ದಾರದಿಂದ ಪಕ್ಕದ ಹೊಲಿಗೆ ಹಾಕಬೇಕು. ಕಟ್ಟು ದಪ್ಪವಾದಷ್ಟೂ ಒಳಅಂಚಿನ ಅಕ್ಷರ ಹೊಲಿಗೆಯೊಳಗೆ ಹೂತುಹೋಗುತ್ತದೆ. ಬಲವಂತವಾಗಿ ತೆರೆದರೆ ಬೆನ್ನು ಸೀಳುತ್ತದೆ. ಇದು ಒಬ್ಬರ ಜೀವನ, ಎರಡು ಮಾಡಲು ಮನಸ್ಸಿಲ್ಲ ಎಂದೆ. "ಜೀವನ ಒಂದೇ ಇರಬಹುದು ಮೇಡಂ, ಹೊಲಿಗೆ ತಡೆಯಬೇಕಲ್ಲ" ಎಂದರು. ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹಣ ಎಣಿಸಿಕೊಳ್ಳುವ ಅಂಗಡಿಗಳ ನಡುವೆ, ಕೆಲಸ ಕೆಡುತ್ತದೆ ಎಂದು ಗೊತ್ತಿದ್ದರೆ ಆಗುವುದಿಲ್ಲ ಎನ್ನುವ ಈ ಮನುಷ್ಯನಿಗೇ ನಾನು ಹೆಚ್ಚು ಅಂಕ ಕೊಡುವುದು.

ಆದರೆ ಎಲ್ಲಿ ಭಾಗ ಮಾಡುವುದು? ಅವರಿಗೆ ಎರಡೂ ಸಂಪುಟ ಒಂದೇ ದಪ್ಪ ಬರಬೇಕು. ಕಪಾಟಿನಲ್ಲಿ ಅಣ್ಣತಮ್ಮಂದಿರ ಹಾಗೆ ನಿಲ್ಲಬೇಕಂತೆ. ಸರಿಯಾಗಿ ಅರ್ಧ ಮಾಡಿದರೆ ತುಂಡಾಗುತ್ತಿದ್ದದ್ದು 1918ರ ಜನವರಿಯಲ್ಲಿ, ಮಹಿಳಾ ಮತದಾನದ ತಿದ್ದುಪಡಿಯ ಮೇಲಿನ ಚರ್ಚೆಯನ್ನು ಆಕೆ ಆರಂಭಿಸಿದ ಭಾಷಣದ ನಡುಮಧ್ಯೆ. ಅಲ್ಲಿ ಕತ್ತರಿಸಲು ನಾನು ಹೇಗೆ ಒಪ್ಪಲಿ? ಮೊದಲ ಅವಧಿ ಮುಗಿಯುವುದು 1919ರ ಮಾರ್ಚಿನಲ್ಲಿ, ಅಲ್ಲಿಯೇ ಒಡೆಯಿರಿ ಎಂದೆ. ಒಂದೇ ಅವಧಿ ನಿಜ, ಆದರೆ ಅದರೊಳಗೆ ಏನೆಲ್ಲ ಇದೆ. ಅಧಿಕಾರ ವಹಿಸಿಕೊಂಡು ನಾಲ್ಕೇ ದಿನಕ್ಕೆ, 1917ರ ಏಪ್ರಿಲ್ 6ರ ನಸುಕಿನಲ್ಲಿ ಜರ್ಮನಿಯ ಮೇಲಿನ ಯುದ್ಧದ ಮತದಾನ. ಹೆಸರು ಮೊದಲ ಸಲ ಕೂಗಿದಾಗ ಆಕೆ ಸುಮ್ಮನಿದ್ದರು. ಎರಡನೆಯ ಸಲ ಎದ್ದು, ದೇಶದ ಜೊತೆ ನಿಲ್ಲುವ ಆಸೆ ನನಗಿದೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ ಎಂದರು. ಹೆಸರು ಕೂಗುವಾಗ ಮಾತಾಡುವುದು ಆ ಸದನದ ಪದ್ಧತಿಯೇ ಅಲ್ಲ. 373ಕ್ಕೆ 50. ವಿರೋಧಿಸಿದ ಉಳಿದ 49 ಮಂದಿ ಗಂಡಸರು. ಪತ್ರಿಕೆಗಳಿಗೆ ಕಂಡದ್ದು ಮಾತ್ರ ಈಕೆಯ ಕಣ್ಣೀರು.

ಜೂನ್ ತಿಂಗಳಲ್ಲಿ ಮೊಂಟಾನಾದ ಬ್ಯೂಟ್ ಊರಿನ ತಾಮ್ರದ ಗಣಿಯಲ್ಲಿ ಬೆಂಕಿ ಬಿದ್ದು 168 ಜನ ಸತ್ತರು. ಆಕೆ ಮುಷ್ಕರ ಹೂಡಿದ ಕಾರ್ಮಿಕರ ಪರ ನಿಂತು ಗಣಿ ಕಂಪನಿಯನ್ನು ಎದುರು ಹಾಕಿಕೊಂಡರು. ಆಮೇಲೆ ರಾಜ್ಯವನ್ನು ಎರಡು ಕ್ಷೇತ್ರ ಮಾಡಿದಾಗ ಈ ರಿಪಬ್ಲಿಕನ್ ಸದಸ್ಯೆಯ ಪಾಲಿಗೆ ಬಂದದ್ದು ಡೆಮಾಕ್ರಟರ ಬಲ ಹೆಚ್ಚಿದ್ದ ಭಾಗ. ಸೆನೆಟ್ಟಿಗೆ ನಿಂತು ನೋಡಿದರು, ಸೋತರು.

ಒಂದು ಹಾಳೆಯನ್ನು ಮಾತ್ರ ನಾನು ಬಣ್ಣದ ಚೀಟಿ ಅಂಟಿಸಿ ಕೊಟ್ಟಿದ್ದೆ. 1917ರ ಡಿಸೆಂಬರಿನಲ್ಲಿ ಆಸ್ಟ್ರಿಯಾ-ಹಂಗೆರಿಯ ಮೇಲೆ ಯುದ್ಧ ಸಾರುವ ನಿರ್ಣಯಕ್ಕೆ ಇದೇ ರ‍್ಯಾಂಕಿನ್ ಪರವಾಗಿ ಮತ ಹಾಕಿದ್ದಾರೆ. ಈಗಾಗಲೇ ನಡೆಯುತ್ತಿರುವ ಯುದ್ಧದಲ್ಲಿ ಇದು ಬರೀ ತಾಂತ್ರಿಕ ಸಂಗತಿ ಎಂಬುದು ಆಕೆಯ ಸಮಜಾಯಿಷಿ. ಆಕೆಯನ್ನು ಹೊಗಳಿ ಬರೆಯುವವರು ಈ ಹಾಳೆಯನ್ನು ಮೆಲ್ಲಗೆ ದಾಟಿಬಿಡುತ್ತಾರೆ. ನನ್ನ ಸಂಪುಟದಲ್ಲಿ ಅದು ಜಾಗ ತಪ್ಪಲಿಲ್ಲ, ತಲೆಕೆಳಗಾಗಲಿಲ್ಲ. ಅಂಗಡಿಯವರು ಚೀಟಿಗಳನ್ನು ನೋಡಿಕೊಂಡೇ ಜೋಡಿಸಿದ್ದರು.

ಕೊನೆಗೆ ರಾಜಿಯಾಯಿತು. ಒಡೆಯುವುದು ನಾನು ಹೇಳಿದ ಕಡೆ. ದಪ್ಪ ಸರಿದೂಗಲು ಎರಡನೆಯ ಸಂಪುಟದ ಕೊನೆಗೆ ಖಾಲಿ ಹಾಳೆ. ನನಗೆ ಬರೆದುಕೊಳ್ಳಲು ಜಾಗ ಸಿಕ್ಕಿತು, ಅವರ ಕಪಾಟಿನ ಚಂದವೂ ಉಳಿಯಿತು.

ಹೊಲಿಗೆ ಅವರ ಹೆಂಡತಿಯದು. ಮಾತು ಕಡಿಮೆ, ಕೈ ಚುರುಕು. ತೂತಿಗೂ ತೂತಿಗೂ ಒಂದೇ ಅಂತರ, ಎಲ್ಲೂ ದಾರ ಸಡಿಲವಿಲ್ಲ. 1915ರಲ್ಲಿ ಈ ರ‍್ಯಾಂಕಿನ್ ನ್ಯೂಜಿಲೆಂಡಿಗೆ ಹೋಗಿ ಬಟ್ಟೆ ಹೊಲಿದೇ ಖರ್ಚು ತೂಗಿಸಿಕೊಂಡಿದ್ದರು ಎಂದು ನಾನು ಹೇಳಿದಾಗ ಆ ತಾಯಿ ತಲೆಯೆತ್ತಲಿಲ್ಲ. ಆದರೆ ನೋಟು ಅಚ್ಚು ಹಾಕುವ ಸರ್ಕಾರಿ ಕಾರ್ಖಾನೆಯಲ್ಲಿ ಹೆಂಗಸರನ್ನು ಹೊತ್ತು ಗೊತ್ತಿಲ್ಲದೆ ದುಡಿಸುತ್ತಿದ್ದರು, ಈಕೆ ಹಿಂದೆ ಬಿದ್ದು ದಿನಕ್ಕೆ ಎಂಟು ಗಂಟೆ ಎಂದು ಮಾಡಿಸಿದರು ಎಂದ ತಕ್ಷಣ ಸೂಜಿ ನಿಂತಿತು. "ಎಂಟೇ ಗಂಟೆಯೇ?" ಎಂದು ಗಂಡನ ಕಡೆ ನೋಡಿದರು. ಯಜಮಾನರಿಗೆ ಆ ಗಳಿಗೆಯಲ್ಲೇ ಗೋಂದು ಕದಡುವ ಕೆಲಸ ನೆನಪಾಯಿತು.

ಗೋಂದು ಮೈದಾದ್ದು, ಮೈಲುತುತ್ತ ಬೆರೆಸಿದ್ದು, ಜಿರಳೆ ಮುಟ್ಟುವುದಿಲ್ಲ. ರಟ್ಟು ಗಟ್ಟಿ, ಬೆನ್ನಿಗೆ ಕ್ಯಾಲಿಕೋ, ಮೇಲೆ ಕಡುಗೆಂಪು ರೆಕ್ಸಿನ್. ಬಂಗಾರದ ಅಕ್ಷರ ಪರವಾಗಿಲ್ಲ, ಸ್ವಲ್ಪ ಓರೆ.

ಈಗ ದೂರು. ಅಂಚು ಕತ್ತರಿಸಬೇಡಿ, ಕೆಲವು ಹಾಳೆಗಳಲ್ಲಿ ಬರಹ ಕೊನೆಯವರೆಗೂ ಇದೆ ಎಂದು ಹೇಳಿಯೇ ಬಂದಿದ್ದೆ. ಎರಡನೆಯ ಸಂಪುಟವನ್ನು ಕತ್ತರಿಸಿದ ಹುಡುಗನಿಗೆ ಅದು ತಲುಪಿರಲಿಲ್ಲ. ಹೋದದ್ದು ಎಲ್ಲಿಯದು ಎಂದರೆ 1941ರ ಡಿಸೆಂಬರ್ 8ರ ಮತಪಟ್ಟಿಯದು. ಪರ್ಲ್ ಹಾರ್ಬರ್ ದಾಳಿಯ ಮರುದಿನ ಕೆಳಮನೆಯಲ್ಲಿ ಜಪಾನಿನ ಮೇಲಿನ ಯುದ್ಧಕ್ಕೆ ಪರ 388, ವಿರೋಧ 1. ಆ ಒಂದು ರ‍್ಯಾಂಕಿನ್. ಹಿಂದಿನ ವರ್ಷವಷ್ಟೇ ಅರುವತ್ತರ ವಯಸ್ಸಿನಲ್ಲಿ ಮತ್ತೆ ಗೆದ್ದು ಬಂದಿದ್ದರು. ನನ್ನ ಪ್ರತಿಯಲ್ಲಿ ಆ ವಿರೋಧದ ಸಾಲು ಹಾಳೆಯ ತೀರಾ ಕೆಳಗಿತ್ತು. ಪರ ಹಾಕಿದವರ ಹೆಸರುಗಳೆಲ್ಲ ಉಳಿದುಕೊಂಡು ಬೇಡ ಎಂದ ಒಂದೇ ಹೆಸರು ಚೂರಿನ ಪಾಲಾಗಿತ್ತು. ನನಗೆ ಬಂದ ಸಿಟ್ಟನ್ನು ಇಲ್ಲಿ ವರ್ಣಿಸುವುದಿಲ್ಲ. ಯಜಮಾನರು ವಾದಕ್ಕೆ ನಿಲ್ಲಲಿಲ್ಲ. ಕತ್ತರಿಸಿದ ಚೂರು ತುಂಬಿದ್ದ ಗೋಣಿಚೀಲವನ್ನು ನೆಲಕ್ಕೆ ಸುರಿದು, ಕನ್ನಡಕ ಹಾಕಿಕೊಂಡು ಕುಳಿತು ಹುಡುಕಿದರು. ಪಟ್ಟಿ ಸಿಕ್ಕಿತು. ತೆಳು ಕಾಗದದ ಆಸರೆ ಕೊಟ್ಟು ಅದರ ಜಾಗಕ್ಕೇ ಅಂಟಿಸಿದರು. ಬೆರಳಾಡಿಸಿದರೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ.

ಹುಡುಕುವಾಗ, ಇಷ್ಟಕ್ಕೂ ಆಯಮ್ಮನಿಗೆ ಏನಾಯಿತು ಎಂದು ಕೇಳಿದರು. ಹೇಳಿದೆ. ಸ್ಪೀಕರ್ ಆಕೆಗೆ ಮಾತಾಡಲು ಅವಕಾಶವನ್ನೇ ಕೊಡಲಿಲ್ಲ. ಮತ ಹಾಕಿದ ಮೇಲೆ ಜನ ಮುತ್ತಿಕೊಂಡರು. ಆಕೆ ಟೆಲಿಫೋನ್ ಗೂಡಿನೊಳಗೆ ಸೇರಿ ಬಾಗಿಲು ಹಾಕಿಕೊಂಡು ಪೊಲೀಸರನ್ನು ಕರೆಸಬೇಕಾಯಿತು. ಮೊಂಟಾನಾ ನೂರಕ್ಕೆ ನೂರು ನಿನ್ನ ವಿರುದ್ಧ ಇದೆ ಎಂದು ತಮ್ಮನೇ ತಂತಿ ಕಳಿಸಿದ. ಮುಂದಿನ ಚುನಾವಣೆಗೆ ಆಕೆ ನಿಲ್ಲಲಿಲ್ಲ. 1946ರಿಂದ 1971ರವರೆಗೆ ಏಳು ಸಲ ಭಾರತಕ್ಕೆ ಬಂದರು, ಗಾಂಧೀಜಿಯ ದಾರಿಯನ್ನು ಅರಿಯಲು. 1968ರಲ್ಲಿ, 87ರ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ಸಾವಿರಾರು ಹೆಂಗಸರ ಮುಂದೆ ವಾಷಿಂಗ್ಟನ್ನಿನಲ್ಲಿ ನಡೆದರು. 1973ರಲ್ಲಿ ತೀರಿಕೊಂಡರು. "ಹಾಗಾದರೆ ಎರಡೇ ಸಲ ಗೆದ್ದದ್ದು, ಎರಡು ಸಲವೂ ಯುದ್ಧವೇ ಎದುರಾಯಿತೇ?" ಎಂದರು ಯಜಮಾನರು. ನನ್ನ ತರಗತಿಯಲ್ಲಿ ಇಷ್ಟು ಬೇಗ ಇದನ್ನು ಹಿಡಿದವರು ಕಡಿಮೆ.

ದರ: ಒಂದು ಸಂಪುಟಕ್ಕೆ 350 ರೂಪಾಯಿ, ಅಕ್ಷರ ಬೇಕಾದರೆ 50 ಹೆಚ್ಚು. ತೇಪೆಗೆ ಹಣ ತೆಗೆದುಕೊಳ್ಳಲಿಲ್ಲ. ಮುಂಗಡ ಅರ್ಧ, ಮೊಬೈಲಿನಲ್ಲೂ ಕೊಡಬಹುದು, ರಸೀದಿ ಕೇಳಿ ಪಡೆಯಬೇಕು. ವಾರ ಎಂದರೆ ಹತ್ತು ದಿನ ಎಂದು ತಿಳಿಯಿರಿ. ಮಳೆಗಾಲದಲ್ಲಿ ಗೋಂದು ಒಣಗುವುದಿಲ್ಲ, ಇನ್ನೂ ತಡ. ಅಂಚು ಕತ್ತರಿಸಬಾರದು ಎಂದಿದ್ದರೆ ಬಾಯಲ್ಲಿ ಹೇಳಿ ಬರಬೇಡಿ, ಮೇಲಿನ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಕನ್ನಡದಲ್ಲಿ ಬರೆಯಿರಿ. ಸಂಶೋಧನಾ ಪ್ರಬಂಧ ಸಲ್ಲಿಸುವ ದಿನಗಳು ಹತ್ತಿರ ಬಂದಾಗ ಮಾತ್ರ ಆ ಕಡೆ ಹೋಗಬೇಡಿ. ಅಂಗಡಿಯೊಳಗೆ ಕಾಲಿಡಲೂ ಜಾಗವಿರುವುದಿಲ್ಲ, ಅವರೂ ನಿಮ್ಮ ಮುಖ ನೋಡುವುದಿಲ್ಲ.