ಆನ್‌ಟ್ಯಾಪ್‌ನಲ್ಲಿ ಡಿಸ್ಕ್ ಫರ್ಮ್‌ವೇರ್ ಅಪ್‌ಡೇಟ್: ಸುಮಾರು ವರ್ಷ ಬಳಸಿದ್ಮೇಲೆ ಅನ್ಸಿದ್ದು

ಸ್ಟೋರೇಜ್ ಬಾಕ್ಸ್ ರಿವ್ಯೂ ಅಂದ್ರೆ ಎಲ್ರೂ ಐಒಪಿಎಸ್ (ಸೆಕೆಂಡಿಗೆ ಎಷ್ಟು ಓದು-ಬರಹ) ಎಷ್ಟು, ಲೇಟೆನ್ಸಿ (ಉತ್ತರ ಬರೋಕೆ ಹಿಡಿಯೋ ಹೊತ್ತು) ಎಷ್ಟು, ಡೀಡೂಪ್‌ನಲ್ಲಿ (ಒಂದೇ ಡೇಟಾನ ಎರಡೆರಡು ಸಲ ಇಡದೇ ಇರೋದು) ಎಷ್ಟು ಜಾಗ ಉಳೀತು ಅಂತಾನೇ ಬರೀತಾರೆ, ಡಿಸ್ಕ್ ಫರ್ಮ್‌ವೇರ್ (ಡ್ರೈವ್ ಒಳಗೇ ಕೂತು ಅದನ್ನ ನಡೆಸೋ ಸಾಫ್ಟ್‌ವೇರ್) ಬದಲಾಯಿಸೋದು ಹೇಗಿದೆ ಅಂತ ಬರೆದಿರೋದು ನಾನಂತೂ ನೋಡಿಲ್ಲ. ಬಾಕ್ಸ್ ಬಂದ ಹೊಸದ್ರಲ್ಲಿ ಯಾರಿಗೂ ಅದು ತಲೆಗೆ ಹೋಗಲ್ಲ ಬಿಡಿ. ಒಂದೆರಡು ವರ್ಷ ಕಳೆದು ಡ್ರೈವ್‌ಗಳಿಗೆ ವಯಸ್ಸಾಗೋಕೆ ಶುರುವಾದ್ಮೇಲೆ ಗೊತ್ತಾಗುತ್ತೆ. ನಮ್ಮಲ್ಲಿ ನೆಟ್‌ಆಪ್ ಕಂಪನಿಯ ಬಾಕ್ಸ್ ಇದೆ, ಆನ್‌ಟ್ಯಾಪ್ ಅನ್ನೋದು ಅದರ ಓಎಸ್; ಅದರಲ್ಲಿ ಸ್ವಲ್ಪ ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸೋ ಒಂದು ಬಗೆ ಡ್ರೈವ್ ಕನೆಕ್ಷನ್) ಹಾರ್ಡ್ ಡಿಸ್ಕ್ ಶೆಲ್ಫು, ಸ್ವಲ್ಪ ಎಸ್‌ಎಸ್‌ಡಿ. ಜೊತೆಗೆ ಬೇರೆ ಕಂಪನಿದೂ ಒಂದು ಅರೇ (ಇಂಥದೇ ಸ್ಟೋರೇಜ್ ಬಾಕ್ಸ್) ಇತ್ತು, ಅದರ ಹೆಸರು ಬೇಡ. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನೋಡಿದ್ರಿಂದ ಈ ರಿವ್ಯೂ.

ಮೊದಲು ಆನ್‌ಟ್ಯಾಪ್ ಏನ್ ಮಾಡುತ್ತೆ ಅಂತ ಹೇಳ್ತೀನಿ. ಫರ್ಮ್‌ವೇರ್ ಝಿಪ್ ಫೈಲನ್ನ ಒಳಗಿನ ಒಂದು ವೆಬ್ ಸರ್ವರ್ ಮೇಲೆ ಇಟ್ಟು, 'ಸ್ಟೋರೇಜ್ ಫರ್ಮ್‌ವೇರ್ ಡೌನ್‌ಲೋಡ್' ಕಮಾಂಡ್ ಕೊಟ್ಟು ನೋಡ್‌ಗಳಿಗೆ (ಬಾಕ್ಸ್ ನಡೆಸೋ ಕಂಟ್ರೋಲರ್‌ಗಳಿಗೆ) ಇಳಿಸಿದ್ರೆ ಮುಗೀತು, ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ. ಬ್ಯಾಕ್‌ಗ್ರೌಂಡ್ ಅಪ್‌ಡೇಟ್ ಆಪ್ಷನ್ ಡೀಫಾಲ್ಟಾಗೇ ಆನ್ ಇರುತ್ತೆ. ರೇಡ್ ಗ್ರೂಪ್‌ನಲ್ಲಿರೋ, ಅಂದ್ರೆ ಒಂದು ಕೆಟ್ರೂ ಡೇಟಾ ಉಳಿಯೋ ಹಾಗೆ ಸೇರಿಸಿದ ಡ್ರೈವ್‌ಗಳ ಗುಂಪಿನಲ್ಲಿರೋ, ಒಂದು ಡ್ರೈವನ್ನ ಸ್ವಲ್ಪ ಹೊತ್ತು ಆಫ್‌ಲೈನ್ ಮಾಡುತ್ತೆ, ಅಷ್ಟೊತ್ತು ಆ ಡ್ರೈವ್‌ನಿಂದ ಓದಬೇಕಾಗಿದ್ದನ್ನ ಪ್ಯಾರಿಟಿಯಿಂದ (ಕಾಣೆಯಾದ ಡೇಟಾ ಮತ್ತೆ ಪಡೆಯೋಕೆ ಇಟ್ಟಿರೋ ಹೆಚ್ಚುವರಿ ಮಾಹಿತಿ) ಲೆಕ್ಕ ಹಾಕಿ ಕೊಡುತ್ತೆ, ಬರೀಬೇಕಾಗಿದ್ದನ್ನ ಗುರುತು ಹಾಕ್ಕೊಂಡಿರುತ್ತೆ, ಡ್ರೈವ್ ಹೊಸ ಫರ್ಮ್‌ವೇರ್ ತಗೊಂಡು ರೀಸೆಟ್ ಆಗಿ ವಾಪಸ್ ಬಂದ್ಮೇಲೆ ಆ ಮಧ್ಯದಲ್ಲಿ ಬದಲಾದಷ್ಟನ್ನ ಮಾತ್ರ ಸಿಂಕ್ ಮಾಡಿ ಮುಂದಿನ ಡ್ರೈವ್‌ಗೆ ಹೋಗುತ್ತೆ. ಪೂರ್ತಿ ರೀಬಿಲ್ಡ್ (ಡ್ರೈವ್‌ನ ಡೇಟಾ ಎಲ್ಲಾ ಮೊದಲಿಂದ ಮತ್ತೆ ಬರೆಯೋದು) ಇಲ್ಲ. ದೊಡ್ಡ ಹಾರ್ಡ್ ಡಿಸ್ಕ್ ಒಂದು ರೀಬಿಲ್ಡ್ ಆಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕಾದು ಕೂತವರಿಗೆ ಇದರ ಬೆಲೆ ಗೊತ್ತು.

ಮೊದಮೊದಲು ನಾನು ಟರ್ಮಿನಲ್ ಬಿಟ್ಟು ಏಳ್ತಾನೇ ಇರ್ಲಿಲ್ಲ. ಡಿಸ್ಕ್ ಲಿಸ್ಟ್‌ನಲ್ಲಿ ಫರ್ಮ್‌ವೇರ್ ರಿವಿಷನ್ ಕಾಲಂ ತೋರಿಸೋ ಹಾಗೆ ಕಮಾಂಡ್ ಕೊಟ್ಟು, ಮೇಲಿಂದ ಮೇಲೆ ಅದನ್ನೇ ಓಡಿಸ್ತಾ ಕೂತ್ರೆ, ಸಾಲಾಗಿ ಎನ್‌ಎ01 ಎನ್‌ಎ01 ಅಂತ ಇದ್ದದ್ರಲ್ಲಿ ಎಲ್ಲೋ ನಡುವೆ ಒಂದು ಎನ್‌ಎ02 ಆಗಿರೋದು, ಆಮೇಲೆ ಇನ್ನೆಲ್ಲೋ ಇನ್ನೊಂದು. ಶೆಲ್ಫ್‌ನಲ್ಲಿರೋ ಕ್ರಮದಲ್ಲೇ ಹೋಗುತ್ತೆ ಅನ್ಕೊಂಡ್ರೆ ಹಾಗಿಲ್ಲ, ಯಾವ ಗ್ರೂಪ್‌ನಲ್ಲಿ ಯಾವುದು ಅನ್ನೋದ್ರ ಮೇಲೆ ಹೋಗುತ್ತೆ. ಲೇಟೆನ್ಸಿ ಗ್ರಾಫ್‌ನಲ್ಲಿ ಹುಡುಕಿದ್ರೆ ಸಣ್ಣ ಸಣ್ಣ ಉಬ್ಬು ಸಿಗುತ್ತೆ, ಹಾರ್ಡ್ ಡಿಸ್ಕ್ ಪೂಲ್‌ನಲ್ಲಿ ಸ್ವಲ್ಪ ಜಾಸ್ತಿ, ಎಸ್‌ಎಸ್‌ಡಿನಲ್ಲಿ ಕಣ್ಣಿಗೆ ಬೀಳಲ್ಲ. ಡೇಟಾಬೇಸ್ ಟೀಮಿನವರು ಇವತ್ತಿನವರೆಗೆ ಒಂದು ಸಲಾನೂ ಫೋನ್ ಮಾಡಿಲ್ಲ, ಅವರು ಗಾಳಿ ಬೀಸಿದ್ರೂ ಟಿಕೆಟ್ ಹಾಕೋ ಜನ.

ಗ್ರೂಪ್ ಡಿಗ್ರೇಡ್ ಆಗಿದ್ರೆ (ಡ್ರೈವ್ ಕೆಟ್ಟು ರಕ್ಷಣೆ ಕಮ್ಮಿಯಾಗಿದ್ರೆ), ರೀಬಿಲ್ಡ್ ನಡೀತಿದ್ರೆ ಆನ್‌ಟ್ಯಾಪ್ ಅಪ್‌ಡೇಟ್‌ಗೆ ಕೈ ಹಾಕಲ್ಲ, ಸರಿ ಹೋಗೋವರೆಗೆ ಕಾಯುತ್ತೆ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಈ ತಾಳ್ಮೆನೇ. ಆದ್ರೆ ಇದೇ ಕಾರಣಕ್ಕೆ ಕೆಲವು ಡ್ರೈವ್ ಹಳೇ ವರ್ಷನ್‌ನಲ್ಲೇ ಕೂತಿರುತ್ವೆ, ಕೊನೇಲಿ ಲಿಸ್ಟ್ ತೆಗೆದು ಎಲ್ಲಾ ಆಗಿದೆಯಾ ಅಂತ ನೋಡೋದು ನಮ್ಮ ತಲೆ ಮೇಲೇ.

"ಚೆನ್ನಾಗಿ ಓಡ್ತಿರೋದನ್ನ ಯಾಕೆ ಮುಟ್ಟಬೇಕು" ಅನ್ನೋರು ಎಲ್ಲಾ ಟೀಮ್‌ನಲ್ಲೂ ಇರ್ತಾರೆ, ನಮ್ಮಲ್ಲೂ ಇದ್ರು. ಅವರಿಗೆ ನಾನು ತೋರಿಸೋದು 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ಹೊರಡಿಸಿದ ನೋಟಿಸನ್ನ. ಅವರ ಕೆಲವು ಎಸ್‌ಎಎಸ್ ಎಸ್‌ಎಸ್‌ಡಿ ಮಾಡೆಲ್‌ಗಳು 32,768 ಗಂಟೆ ಪವರ್‌ನಲ್ಲಿದ್ಮೇಲೆ, ಅಂದ್ರೆ 3 ವರ್ಷ 270 ದಿನ 8 ಗಂಟೆಗೆ, ಪೂರ್ತಿ ಸತ್ತು ಹೋಗೋ ಫರ್ಮ್‌ವೇರ್ ಬಗ್ ಅದು, ಸತ್ತಮೇಲೆ ಡ್ರೈವೂ ಇಲ್ಲ ಡೇಟಾನೂ ಇಲ್ಲ. ಆ ನಂಬರ್ ನೋಡಿದ ತಕ್ಷಣ ಪ್ರೋಗ್ರಾಮ್ ಬರೆಯೋರು ನಗ್ತಾರೆ, ಎರಡರ ಹದಿನೈದನೇ ಘಾತ. ಸರಿಪಡಿಸಿದ ವರ್ಷನ್ ಎಚ್‌ಪಿಡಿ8. ಮುಂದಿನ ಮಾರ್ಚ್‌ನಲ್ಲಿ ಇನ್ನೊಂದು ಬಂತು, ಬೇರೆ ಮಾಡೆಲ್‌ಗಳಲ್ಲಿ 40,000 ಗಂಟೆಗೆ ಅದೇ ಕಥೆ. ಇದರಲ್ಲಿ ಭಯ ಹುಟ್ಟಿಸೋದು ಏನಪ್ಪಾ ಅಂದ್ರೆ ಅರೇಯಲ್ಲಿರೋ ಡ್ರೈವ್‌ಗಳೆಲ್ಲಾ ಸಾಮಾನ್ಯವಾಗಿ ಒಂದೇ ದಿನ ಆನ್ ಆಗಿರುತ್ವೆ, ಹಾಗಾಗಿ ಒಟ್ಟೊಟ್ಟಿಗೇ ಹೋಗ್ತವೆ. ರೇಡ್-ಡಿಪಿ (ಎರಡು ಪ್ಯಾರಿಟಿ ಇರೋ ನೆಟ್‌ಆಪ್‌ನ ರೇಡ್) ಎರಡು ಡ್ರೈವ್ ಹೋದ್ರೆ ತಡ್ಕೊಳ್ಳುತ್ತೆ, ಮೂರನೇದೂ ಅದೇ ಗಂಟೆಯಲ್ಲಿ ಹೋದ್ರೆ ಪ್ಯಾರಿಟಿ ಏನ್ ಮಾಡುತ್ತೆ? ಮುಟ್ಟದೇ ಇದ್ರೆ ಸೇಫ್ ಅನ್ನೋ ವಾದ ನಮ್ಮಲ್ಲಿ ಅಲ್ಲಿಗೆ ನಿಂತ್ಹೋಯ್ತು.

ಇನ್ನು ಕಿರಿಕಿರಿ ವಿಷಯ. ಇಡೀ ಇಂಡಸ್ಟ್ರಿನಲ್ಲೇ ಫರ್ಮ್‌ವೇರ್ ರಿಲೀಸ್ ನೋಟ್ ಬರೆಯೋರಿಗೆ ಪದಗಳ ಬರ ಬಂದಿದೆ ಅನ್ಸುತ್ತೆ. "ಡ್ರೈವ್ ವಿಶ್ವಾಸಾರ್ಹತೆ ಸುಧಾರಿಸಲಾಗಿದೆ" ಅಂತ ಒಂದು ಸಾಲು ಬರೆದು ಕೈ ತೊಳ್ಕೊಂಡಿರ್ತಾರೆ, ಅದನ್ನ ಇಟ್ಕೊಂಡು ನಾನು ಚೇಂಜ್ ಮೀಟಿಂಗ್‌ನಲ್ಲಿ ರಿಸ್ಕ್ ಏನು ಲಾಭ ಏನು ಅಂತ ವಿವರಿಸಬೇಕು. ಡ್ರೈವ್ ತಯಾರಿಸಿದ ಕಂಪನಿ ಸೈಟ್‌ನಿಂದ ನೇರ ಇಳಿಸ್ಕೊಳ್ಳೋಣ ಅಂದ್ರೆ ಅದೂ ಆಗಲ್ಲ, ಅರೇ ಒಳಗಿರೋ ಡ್ರೈವ್‌ಗೆ ಸ್ಟೋರೇಜ್ ಕಂಪನಿಯವರೇ ಟೆಸ್ಟ್ ಮಾಡಿ ಕೊಟ್ಟ ಫರ್ಮ್‌ವೇರೇ ಬೇಕು. ಅದಕ್ಕೆ ಸಪೋರ್ಟ್ ಸೈಟ್ ಲಾಗಿನ್ ಬೇಕು. ಇನ್ನೊಂದು, ಸಾಮಾನ್ಯವಾಗಿ ವಾಪಸ್ ಹಳೇ ವರ್ಷನ್‌ಗೆ ಹೋಗೋ ದಾರಿ ಇರಲ್ಲ, ಹಾಕಿದ್ಮೇಲೆ ಹಾಕಿದ್ದೇ.

ಆನ್‌ಟ್ಯಾಪ್ 9.10.1ರಿಂದ ಅಪ್‌ಡೇಟ್ ಬಂದ್ರೆ ತಾನೇ ಇಳಿಸ್ಕೊಂಡು ಹಾಕೋ ಸೌಲಭ್ಯನೂ ಬಂದಿದೆ, ಸಿಸ್ಟಮ್ ಮ್ಯಾನೇಜರ್ ಅನ್ನೋ ಅದರ ವೆಬ್ ಸ್ಕ್ರೀನ್‌ನಲ್ಲಿ ಆನ್ ಮಾಡ್ಬೋದು, ಬರೀ ನೋಟಿಫಿಕೇಷನ್ ತೋರಿಸು ಅಂತಾನೂ ಇಡ್ಬೋದು. ಆಟೋಸಪೋರ್ಟ್ (ಬಾಕ್ಸ್ ತನ್ನ ಸ್ಥಿತಿನ ನೆಟ್‌ಆಪ್‌ಗೆ ತಾನೇ ಕಳಿಸೋ ವರದಿ) ಎಚ್‌ಟಿಟಿಪಿಎಸ್‌ನಲ್ಲಿ ಹೊರಗೆ ಹೋಗ್ತಿರಬೇಕು, ಅದು ಷರತ್ತು. ಹೊರಗಿನ ನೆಟ್‌ವರ್ಕ್ ಇಲ್ಲದ ಸೈಟ್‌ನೋರಿಗೆ ಝಿಪ್ ಫೈಲೇ ಗತಿ. ನಾನು ನೋಟಿಫಿಕೇಷನ್‌ನಲ್ಲಿ ಇಟ್ಟಿದ್ದೀನಿ, ತಿಂಗಳ ಕೊನೆ ಲೆಕ್ಕ ಮುಗಿಸೋ ರಾತ್ರಿ ಡ್ರೈವ್‌ಗಳು ರೀಸೆಟ್ ಆಗೋದನ್ನ ನೋಡೋ ಆಸೆ ನನಗಿಲ್ಲ.

ಈಗ ಆ ಹೆಸರು ಹೇಳದ ಅರೇ ವಿಷಯ. ಅದರಲ್ಲಿ ಆನ್‌ಲೈನ್ ಅಪ್‌ಡೇಟ್ ಇದೆ ಅಂತ ಬ್ರೋಷರ್‌ನಲ್ಲಿ ಇತ್ತು, ನಿಜವಾಗಿ ನಮ್ಮ ಡ್ರೈವ್ ಮಾಡೆಲ್‌ಗೆ ಹೋಸ್ಟ್ ಐಒ (ಸರ್ವರ್‌ಗಳಿಂದ ಬರೋ ಓದು-ಬರಹ) ನಿಲ್ಲಿಸಬೇಕು ಅಂದ್ರು. ಡೌನ್‌ಟೈಮ್ ತಗೊಂಡು, ಅಪ್ಲಿಕೇಷನ್ ಟೀಮ್‌ಗಳನ್ನೆಲ್ಲಾ ಒಪ್ಪಿಸಿ, ಅವರದೇ ಎಂಜಿನಿಯರ್ ಬಂದು ಕೂತು ಟೂಲ್ ಓಡಿಸಿದ್ರು, ಎಲ್ಲಾ ಡ್ರೈವ್‌ಗೂ ಒಂದೇ ಏಟಿಗೆ. ಪ್ರೋಗ್ರೆಸ್ ಬಾರ್ ತುದಿಗೆ ಹೋಗಿ ನಿಂತ್ಕೊಂಡು ಬಿಡ್ತು. ಅದಾದ್ಮೇಲೆ ಒಂದು ಡ್ರೈವ್ ರೀಸೆಟ್ ಆಗಿ ವಾಪಸ್ ಬರ್ಲೇ ಇಲ್ಲ, ಅಂಬರ್ ಲೈಟ್ ಹತ್ಕೊಂಡು ಕೂತ್ಬಿಡ್ತು, ತೆಗೆದು ಹಾಕಿದ್ರೂ ಅಷ್ಟೇ. ಹಾಟ್ ಸ್ಪೇರ್ (ಕೆಟ್ಟ ಡ್ರೈವ್ ಜಾಗಕ್ಕೆ ತಾನಾಗೇ ಬರೋ ಖಾಲಿ ಡ್ರೈವ್) ಇದ್ದದ್ದಕ್ಕೆ ಬಚಾವ್, ರಾತ್ರಿ ಪೂರ್ತಿ ರೀಬಿಲ್ಡ್. ವರ್ಷಗಟ್ಟಲೆ ನಿಲ್ಲದೇ ತಿರುಗಿದ ಡಿಸ್ಕ್ ಒಂದು ಸಲ ರೀಸೆಟ್ ಆದಾಗ ಮೇಲೇಳದೇ ಇರೋದು ಯಾವ ಬಾಕ್ಸ್‌ನಲ್ಲೂ ಆಗ್ಬೋದು, ಅದಕ್ಕೆ ಬೈಯಲ್ಲ. ಎಲ್ಲದನ್ನೂ ಒಟ್ಟಿಗೆ ರೀಸೆಟ್ ಮಾಡೋ ಡಿಸೈನ್‌ಗೆ ಬೈತೀನಿ, ಒಂದರ ಬದಲು ಮೂರು ಕೈ ಕೊಟ್ಟಿದ್ರೆ?

ಅದಕ್ಕೇ ಆನ್‌ಟ್ಯಾಪ್‌ನಲ್ಲೂ ನಾನು ಕೆಲಸ ಶುರು ಮಾಡೋ ಮುಂಚೆ ಸ್ಪೇರ್ ಲಿಸ್ಟ್ ನೋಡ್ತೀನಿ, ಪ್ರತಿ ಸೈಜಿಗೂ ಪ್ರತಿ ಟೈಪಿಗೂ ಸ್ಪೇರ್ ಇದೆಯಾ ಅಂತ, ಎಸ್‌ಎಸ್‌ಡಿ ಗ್ರೂಪ್‌ಗೆ ಹಾರ್ಡ್ ಡಿಸ್ಕ್ ಸ್ಪೇರ್ ಇದ್ದು ಏನೂ ಉಪಯೋಗ ಇಲ್ಲ. ಫೇಲ್ ಆದ ಡ್ರೈವ್ ಇದ್ರೆ ಮೊದಲು ಬದಲಾಯಿಸಿ ರೀಬಿಲ್ಡ್ ಮುಗಿಸ್ತೀನಿ. ಆನ್‌ಟ್ಯಾಪ್ ಅಪ್‌ಗ್ರೇಡ್ ಇದ್ರೆ ಡಿಸ್ಕ್ ಫರ್ಮ್‌ವೇರನ್ನ ಅದಕ್ಕಿಂತ ಮುಂಚೆ ಬೇರೆ ವಾರವೇ ಮುಗಿಸಿಬಿಡ್ತೀನಿ, ಯಾಕಂದ್ರೆ ಓಎಸ್ ಇಮೇಜ್ ಜೊತೆನೂ ಡಿಸ್ಕ್ ಫರ್ಮ್‌ವೇರ್ ಬರುತ್ತೆ, ಎರಡೂ ಒಂದೇ ರಾತ್ರಿ ನಡೆದು ಏನಾದ್ರೂ ಎಡವಟ್ಟಾದ್ರೆ ಯಾವುದರಿಂದ ಆಯ್ತು ಅಂತ ಹುಡುಕ್ತಾ ಬೆಳಗಾಗುತ್ತೆ.

ಬದಲಿಗೆ ಬರೋ ಡ್ರೈವ್ ಬಗ್ಗೆ ಒಂದು ಮಾತು. ಗೋಡೌನ್‌ನಲ್ಲಿ ಎಷ್ಟು ದಿನ ಕೂತಿತ್ತೋ, ಹಳೇ ಫರ್ಮ್‌ವೇರ್ ಹಾಕ್ಕೊಂಡೇ ಬರುತ್ತೆ. ಹೊಸ ಫೈಲ್ ನೋಡ್ ಮೇಲೆ ಮೊದಲೇ ಇದ್ರೆ ಆನ್‌ಟ್ಯಾಪ್ ತಾನಾಗೇ ಅದನ್ನ ಮೇಲೆ ತರುತ್ತೆ. ಡ್ರೈವ್ ಮಾಡೆಲ್ಲೇ ತೀರಾ ಹೊಸದಾದ್ರೆ ಮಾತ್ರ ಡಿಸ್ಕ್ ಕ್ವಾಲಿಫಿಕೇಷನ್ ಪ್ಯಾಕೇಜ್ ಅಂತ ಇನ್ನೊಂದು ಫೈಲ್ ಹಾಕ್ಬೇಕು, ಇಲ್ಲಾಂದ್ರೆ ಈ ಡ್ರೈವ್ ನನಗೆ ಗೊತ್ತಿಲ್ಲ ಅಂತ ಅಲರ್ಟ್ ಹೊಡೀತಾ ಇರುತ್ತೆ. ಫರ್ಮ್‌ವೇರ್ ಝಿಪ್ ಬೇರೆ ಇದು ಬೇರೆ, ಎರಡನ್ನೂ ಒಟ್ಟಿಗೇ ಹಾಕಿ ಅಭ್ಯಾಸ ಮಾಡ್ಕೊಳ್ಳಿ.

ಹೊಸ ಬಾಕ್ಸ್ ಡೆಮೋ ತೋರ್ಸೋಕೆ ಬಂದೋರಿಗೆ ನಾನೀಗ ಮೊದಲು ಕೇಳೋದು ಮೂರೇ: ಐಒ ನಡೀತಿರುವಾಗ ಡ್ರೈವ್ ಫರ್ಮ್‌ವೇರ್ ಹಾಕ್ಬೋದಾ, ನಾನು ತಗೊಳ್ಳೋ ಇದೇ ಡ್ರೈವ್ ಮಾಡೆಲ್‌ಗೆ ಅದನ್ನ ಬರಹದಲ್ಲಿ ಕೊಡ್ತೀರಾ, ಒಂದು ಡ್ರೈವ್ ವಾಪಸ್ ಬರದಿದ್ರೆ ಮುಂದಿನದಕ್ಕೆ ಹೋಗೋ ಮುಂಚೆ ನಿಮ್ಮ ಬಾಕ್ಸ್ ನಿಲ್ಲುತ್ತಾ. ಮೊದಲನೇದಕ್ಕೆ ಎಲ್ರೂ ಹೌದು ಅಂತಾರೆ. ಎರಡನೇದಕ್ಕೆ ಮೇಲ್ ಮಾಡ್ತೀವಿ ಸಾರ್ ಅಂತಾರೆ, ಮೇಲ್ ಬಂದೋರ ಕ್ವೋಟ್ ಮಾತ್ರ ನಾನು ಮುಂದಕ್ಕೆ ಕಳ್ಸೋದು.