ಫ್ಲೇಮ್‌ಲೆಟ್ ಸಾಕಾ, ಪಿಡಿಎಫ್ ಬೇಕಾ?

ಇಂಧನ, ಗಾಳಿ ಅರೆಬರೆ ಬೆರೆತ ಜ್ವಾಲೆಯ ಸಿಮ್ಯುಲೇಷನ್ ಮಾಡ್ತೀರಾ? ಅದಕ್ಕೆ ಫ್ಲೇಮ್‌ಲೆಟ್, ಪಿಡಿಎಫ್ ಅಂತ ಎರಡು ಲೆಕ್ಕದ ವಿಧಾನಗಳಿವೆ. ಯಾವುದು ಬೇಕು ಅಂತ ತಿಳಿಯಲು ಮೊದಲು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಅಳೆದ ಜ್ವಾಲೆಗಳನ್ನು ನೋಡಿ. 7.2 ಮಿ.ಮೀ. ಕೊಳವೆಯಿಂದ 25% ಮೀಥೇನ್, 75% ಗಾಳಿ ಚಿಮ್ಮುತ್ತದೆ, ಸುತ್ತ ಅದನ್ನು ಆರದಂತೆ ಹಿಡಿದಿಡುವ ಪೈಲಟ್ ಉರಿ.

ಇವುಗಳಲ್ಲಿ 'ಡಿ' ಜ್ವಾಲೆಯ ರೆನಾಲ್ಡ್ಸ್ ಸಂಖ್ಯೆ (ಹರಿವು ಎಷ್ಟು ಪ್ರಕ್ಷುಬ್ಧ ಅನ್ನುವ ಅಳತೆ) ಸುಮಾರು 22,400. ಉರಿ ಅಷ್ಟಾಗಿ ಆರುವುದಿಲ್ಲ, ಫ್ಲೇಮ್‌ಲೆಟ್ ಸಾಕು. ರಾಸಾಯನಿಕ ಲೆಕ್ಕವನ್ನೆಲ್ಲ ಮೊದಲೇ ಮುಗಿಸಿ ಟೇಬಲ್‌ನಲ್ಲಿಟ್ಟು, ಆಮೇಲೆ ಸಿಮ್ಯುಲೇಷನ್‌ನ ಪ್ರತಿ ಸೆಲ್‌ನಲ್ಲೂ (ಪುಟ್ಟ ತುಣುಕಿನಲ್ಲೂ) ಮಿಶ್ರಣ ಎಷ್ಟಿದೆ, ಉರಿ ಎಲ್ಲಿಗೆ ಬಂದಿದೆ ಅಂತ ನೋಡಿ ಉಷ್ಣತೆ ಎತ್ತಿಕೊಳ್ಳುವುದಷ್ಟೇ, ಮಗ್ಗಿ ಪುಸ್ತಕ ತೆರೆದ ಹಾಗೆ.

'ಎಫ್' ಕಥೆಯೇ ಬೇರೆ. ವೇಗ ಜಾಸ್ತಿ, ಉರಿ ಅಲ್ಲಲ್ಲಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಸಾದಾ ಟೇಬಲ್ ಇಲ್ಲಿ ಎಡವುತ್ತದೆ. ಟ್ರಾನ್ಸ್‌ಪೋರ್ಟೆಡ್ ಪಿಡಿಎಫ್‌ನಲ್ಲಿ (ಉಷ್ಣತೆ, ಮಿಶ್ರಣಗಳ ಸಂಭವನೀಯತೆ ಹೇಗೆ ಹಂಚಿದೆ ಅಂತಲೇ ಲೆಕ್ಕ ಹಾಕುವ ವಿಧಾನ) ರಾಸಾಯನಿಕ ಕ್ರಿಯೆಯ ವೇಗಕ್ಕೆ ಬೇರೆ ಅಂದಾಜು ಬೇಡ, ಆದರೆ ಮಿಶ್ರಣಕ್ಕೆ ಬೇಕೇ ಬೇಕು, ಕಂಪ್ಯೂಟರ್ ಸಮಯವೂ ಸಿಕ್ಕಾಪಟ್ಟೆ. ಲ್ಯಾಪ್‌ಟಾಪ್ ಒಂದೇ ಇದ್ದರೆ ಸುಮ್ನೆ ಫ್ಲೇಮ್‌ಲೆಟ್‌ನಿಂದ ಶುರು ಮಾಡಿ.