ರೆಸಾರ್ಟ್ ಕೆಲಸಕ್ಕೆ ಅಂತ ದುಡ್ಡು, ಒರಿಜಿನಲ್ ಅಂಕಪಟ್ಟಿ ಕೊಡಬೇಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ರೆಸಾರ್ಟ್ ಕೆಲಸ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಡಿಗ್ರಿ ಮುಗಿಸಿ ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಸಲೀಸಾಗಿ ಮಾತಾಡುವವರೇ ಈ ಬಲೆಗೆ ಬೀಳುತ್ತಿದ್ದಾರೆ.

ವಾಟ್ಸಾಪಿನಲ್ಲಿ ಬರುವುದು ಹೀಗೆ: "ಗೆಸ್ಟ್ ರಿಲೇಶನ್ಸ್‌ಗೆ (ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ) ಜನ ಬೇಕು, ಮಾತು ಚೆನ್ನಾಗಿದ್ದರೆ ಸಾಕು, ಸಂಬಳ 18,000, ಊಟ ವಸತಿ ಫ್ರೀ." ಫೋನಿನಲ್ಲೇ ಐದು ನಿಮಿಷದ ಇಂಟರ್‌ವ್ಯೂ, ಸೆಲೆಕ್ಟ್. ಆಮೇಲೆ ಯೂನಿಫಾರ್ಮ್, ಟ್ರೇನಿಂಗ್, ಡೆಪಾಸಿಟ್ ಅಂತ ಒಂದೊಂದಾಗಿ ಕೇಳುತ್ತಾರೆ. ಹಾಸನದ ಹುಡುಗಿಯೊಬ್ಬಳು ಹೀಗೇ 6,500 ಕಟ್ಟಿದಳು. ವಾಪಸ್ ಕೊಡುತ್ತೇವೆ ಅಂದಿದ್ದ ಹಣದ ರಸೀದಿಯಲ್ಲಿ "ತರಬೇತಿ ಶುಲ್ಕ, ಹಿಂತಿರುಗಿಸುವುದಿಲ್ಲ" ಅಂತಿತ್ತು. ರೆಸಾರ್ಟಿನ ಹೆಸರಿಲ್ಲ, ಸೀಲಿಲ್ಲ. ರಿಸೆಪ್ಷನ್ ಅಂದವರು ಹಾಕಿದ್ದು ರೂಮು ತೊಳೆಯುವುದಕ್ಕೆ. ಹೌಸ್‌ಕೀಪಿಂಗ್ ಕೀಳು ಕೆಲಸವಲ್ಲ, ಆದರೆ ಹೇಳಿ ಮಾಡಿಸಬೇಕು, ಸಂಬಳ ಕೊಟ್ಟು ಮಾಡಿಸಬೇಕು. ಎರಡು ತಿಂಗಳು ಟ್ರೇನಿಂಗ್ ಅಂತ ಬಿಡಿಗಾಸೂ ಕೊಡಲಿಲ್ಲ. ಬಿಟ್ಟು ಹೋಗುತ್ತೇನೆ ಅಂದಾಗ, ತಾವು ಇಟ್ಟುಕೊಂಡಿದ್ದ ಒರಿಜಿನಲ್ ಅಂಕಪಟ್ಟಿ ವಾಪಸ್ ಕೊಡಲು ಮತ್ತೆ ದುಡ್ಡು ಕೇಳಿದರು.

ದಸರಾ, ಕ್ರಿಸ್‌ಮಸ್, ಹೊಸ ವರ್ಷದ ರಶ್ಶಿಗೆ ರೆಸಾರ್ಟಿನವರಿಗೆ ಕೆಲಸದವರು ಬೇಕು, ಮಳೆ ಹಿಡಿದ ಮೇಲೆ ವಾರದ ದಿನಗಳಲ್ಲಿ ರೂಮು ಖಾಲಿ. ಟ್ರೇನಿಂಗ್ ಹೆಸರಲ್ಲಿ ಸೀಸನ್ ದಾಟಿಸಿದರೆ ಅವರಿಗೆ ಸಂಬಳವೇ ಉಳಿತಾಯ.

ಟ್ರೇನಿಂಗ್ ನಿಜವೋ ಅಲ್ಲವೋ ತಿಳಿಯಬೇಕಾದರೆ ಏನು ಕಲಿಸುತ್ತೀರಿ ಅಂತ ಕೇಳಿ. ಫ್ರಂಟ್ ಆಫೀಸ್ (ರಿಸೆಪ್ಷನ್) ಕೆಲಸ ಗೊತ್ತಿರುವವರು ಮೊದಲು ಪ್ಲ್ಯಾನ್, ಅಂದರೆ ರೂಮಿನ ಬಾಡಿಗೆಯಲ್ಲಿ ಯಾವ ಊಟ ಸೇರಿದೆ ಅನ್ನುವುದನ್ನು ಹೇಳಿಕೊಡುತ್ತಾರೆ: ಇಪಿ ಅಂದರೆ ಬರೀ ರೂಮು, ಸಿಪಿ ಅಂದರೆ ಜೊತೆಗೆ ತಿಂಡಿ, ಎಂಎಪಿಯಲ್ಲಿ ತಿಂಡಿ ಮತ್ತು ಒಂದು ಊಟ, ಎಪಿಯಲ್ಲಿ ತಿಂಡಿ, ಎರಡು ಊಟ. ಸಿಪಿಯಲ್ಲಿ ಬುಕ್ ಮಾಡಿದ ಕುಟುಂಬ ರಾತ್ರಿ ಊಟದ ಬಿಲ್ಲಿಗೆ ಜಗಳ ತೆಗೆದಾಗ ಇದು ಗೊತ್ತಿಲ್ಲದಿದ್ದರೆ ಎಷ್ಟು ಸಿಹಿಯಾಗಿ ಮಾತಾಡಿದರೂ ನಡೆಯುವುದಿಲ್ಲ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ವಿವರ ಸಲ್ಲಿಸಬೇಕು, ಹೋಟೆಲಿನವರು ಸಿ-ಫಾರ್ಮ್ ಅನ್ನುವುದು ಇದನ್ನೇ. ನೈಟ್ ಆಡಿಟ್ (ರಾತ್ರಿ ಆ ದಿನದ ಲೆಕ್ಕ ಮುಗಿಸುವುದು), ಓವರ್‌ಬುಕಿಂಗ್ (ಇರುವ ರೂಮಿಗಿಂತ ಹೆಚ್ಚು ಬುಕಿಂಗ್) ಸಂಭಾಳಿಸುವುದು ಆಮೇಲೆ. ಇದ್ಯಾವುದನ್ನೂ ಹೇಳದೆ "ಪರ್ಸನಾಲಿಟಿ ಡೆವಲಪ್‌ಮೆಂಟ್" ಅಂದರೆ ಎದ್ದು ಬನ್ನಿ.

ಒಪ್ಪುವ ಮೊದಲು ರೆಸಾರ್ಟಿನ ಸ್ವಂತ ನಂಬರಿಗೆ ನೀವೇ ಫೋನ್ ಮಾಡಿ, ಆ ಹುದ್ದೆ ಖಾಲಿ ಇದೆಯಾ ಕೇಳಿ. ನೇಮಕಾತಿ ಪತ್ರದಲ್ಲಿ ಹುದ್ದೆ, ಬೇಸಿಕ್ (ಮೂಲ ವೇತನ), ಡ್ಯೂಟಿ ಅವಧಿ, ವಾರದ ರಜೆ ಇರಲೇಬೇಕು. ಅಂಕಪಟ್ಟಿ ತೋರಿಸಿ, ಸಹಿ ಹಾಕಿದ ಜೆರಾಕ್ಸ್ ಮಾತ್ರ ಕೊಡಿ.

ಸಂಬಳದ ಚೀಟಿಯನ್ನೂ ನೋಡಿ. ಬೇಸಿಕ್ 12,000 ಇದ್ದರೆ ಪಿಎಫ್‌ಗೆ (ಭವಿಷ್ಯ ನಿಧಿ) ನಿಮ್ಮ ಪಾಲು ಶೇ. 12, ಅಂದರೆ 1,440. ಒಟ್ಟು ಸಂಬಳ 18,000 ಇದ್ದರೆ ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಶೇ. 0.75, ಅಂದರೆ 135. ಕಂಪನಿ ಪಾಲನ್ನೂ ನಿಮ್ಮ ಸಂಬಳದಲ್ಲೇ ಹಿಡಿದರೆ ಅದು ಕಾನೂನಿಗೆ ವಿರುದ್ಧ. ಹಿಡಿದ ಪಿಎಫ್ ಕಟ್ಟಿದ್ದಾರಾ ಅನ್ನುವುದು ಸರ್ಕಾರದ ಉಮಂಗ್ ಆ್ಯಪಿನ ಪಿಎಫ್ ಪಾಸ್‌ಬುಕ್ಕಿನಲ್ಲಿ ಗೊತ್ತಾಗುತ್ತದೆ.

ದುಬೈ ಹೋಟೆಲ್ ಕೆಲಸ ಅಂತ ವಿಸಿಟ್ ವೀಸಾದಲ್ಲಿ ಕಳಿಸುವವರನ್ನು ನಂಬಲೇಬೇಡಿ, ಆ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಏಜೆಂಟ್ ನೋಂದಾಯಿತನಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಬಹುದು.

ಆನ್‌ಲೈನಿನಲ್ಲಿ ದುಡ್ಡು ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಬಾಕಿ ಸಂಬಳಕ್ಕೆ ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿ, ಅಂಕಪಟ್ಟಿ ಕೊಡದಿದ್ದರೆ ಪೊಲೀಸ್ ಠಾಣೆಗೆ ಲಿಖಿತ ದೂರು. ಚಾಟ್, ಯುಪಿಐ ಸ್ಕ್ರೀನ್‌ಶಾಟ್, ರಸೀದಿ ಯಾವುದನ್ನೂ ಅಳಿಸಬೇಡಿ.